ಇನ್ನೂರ ಹತ್ತೊಂಬತ್ತು

ಮೂರು ವಾರದಿಂದ ಮೊಳೆಯಲ್ಲಿ ತೂಗುತ್ತಿದೆ
ತಿಳಿನೀಲಿ ಗೆರೆಯ ಅಂಗಿ.
ಕಾಲರಿನೊಳಗೆ ನಾನೇ ಬರೆದ ನಂಬರು, ೨೧೯.
ಎರಡನೆಯ ಗುಂಡಿಗೆ ಕರಿದಾರ,
ಗಂಡಸಿನ ಹೊಲಿಗೆ, ಗಂಟು ಹೊರಕ್ಕೇ ಉಳಿದಿದೆ.

ಫಹಾಹೀಲಿನ ಈ ಲಾಂಡ್ರಿಯಲ್ಲಿ
ಮುಖ ಮರೆತರೂ ಬಟ್ಟೆ ಮರೆಯುವವನಲ್ಲ ನಾನು.
ಕಂಕುಳಲ್ಲಿ ಉಪ್ಪಿನ ಬಿಳಿಗೆರೆ ನೋಡಿ ಹೇಳಿಬಿಡುತ್ತೇನೆ
ಬಿಸಿಲಿಗೆ ನಿಂತವನೋ, ಏಸಿಯಲ್ಲಿ ಕೂತವನೋ.
ಈತ ಕೂತವನು.
ಹೋದ ತಿಂಗಳಿಂದ ನಿಂತವನು.

ಮಂಗಳವಾರ, ಮಧ್ಯಾಹ್ನ ಕದ ಎಳೆಯುವ ಹೊತ್ತು
ಇಸ್ತ್ರಿಪೆಟ್ಟಿಗೆಯ ಉಗಿಯೊಳಗಿಂದ ಒಂದು ಮಾತು:
ಪೋಲ. ಹೋಗಿ ಕೊಟ್ಟು ಬಾ.

ಅದೂ ತುಳುವಿನಲ್ಲಿ!
ನಮ್ಮದು ಮೂಲ್ಕಿ ಕಡೆಯ ಮಿಷನ್ ಸಭೆ,
ಜಗಳ ತುಳುವಿನಲ್ಲಿ, ಪ್ರಾರ್ಥನೆ ಕನ್ನಡದಲ್ಲಿ.
ದೇವರೆಂದರೆ "ಆಗಲಿ", "ಇರಲಿ" ಎಂದು ಮುಗಿಯುವ
ತೊಳೆದು ಗಂಜಿ ಹಾಕಿದ ದನಿ.
ಅಮ್ಮ ಕೋಳಿ ಓಡಿಸುವ ಭಾಷೆಯಲ್ಲಿ ಆತ ಯಾಕೆ ಕರೆದಾನು?
ಸೈತಾನನಿರಬೇಕು, ಇಲ್ಲ ನಿನ್ನೆಯ ಮೀನುಸಾರು,
ಎಂದುಕೊಂಡು ಯಾರದೋ ಪ್ಯಾಂಟಿನ ನೆರಿಗೆ ಕೂರಿಸಿದೆ.

ಬುಧವಾರ ಮತ್ತೆ.
ನಾನು ಲೆಕ್ಕ ಒಪ್ಪಿಸಿದೆ:
ಹೊರಗೆ ನಲವತ್ತೆಂಟು ಡಿಗ್ರಿ.
ಬಾಗಿಲಿಗೇ ಹೋದರೆ ಬಾಕಿ ವಸೂಲಿಗೆ ಬಂದ ಅಂದಾರು.
ಧರ್ಮ ಹೇಳಲು ಬಂದ ಎಂದು ಯಾರಾದರೂ ದೂರಿದರೆ
ಇಕಾಮಾದ ಕಥೆ ಅಲ್ಲಿಗೆ ಮುಗಿಯಿತು.
ಶುಕ್ರವಾರ ಸಭೆಯಲ್ಲಿ ಹಿಲ್ಡಕ್ಕನಿಗೆ ಹೇಳಿ
ಈತನಿಗಾಗಿ ಪ್ರಾರ್ಥನೆ ಮಾಡಿಸುತ್ತೇನೆ, ಸಾಲದೇ?

ಪ್ರಾರ್ಥನೆ ಎಂಥ ಅನುಕೂಲದ ಪರದೆ,
ಹಿಂದೆ ನಿಂತರೆ ಕಾಲೇ ಕಾಣುವುದಿಲ್ಲ.

ಮೇಲಿನ ಹಲಗೆಯಲ್ಲಿ ಒಂದು ಕಂಬಳಿ ಇದೆ,
ಕೆಂಪು ಗುಲಾಬಿಯದು, ವರ್ಷವಾಯಿತು.
ತಂದವಳು ಶೆಂಬಗವಲ್ಲಿ, ಯಾರದೋ ಮನೆಯ ಅಡುಗೆಯವಳು.
ಚೀಟಿ ಹಿಡಿದ ಕೈ ನಡುಗುತ್ತಿತ್ತು.
ಊಟ ಆಯಿತಾ ಕೇಳು, ಅಂದಿತ್ತು ಒಳಗೆ ಏನೋ.
ಎರಡೇ ಶಬ್ದ.
ಹಿಂದೆ ಸಾಲಿನಲ್ಲಿ ನಾಲ್ಕು ಜನ ಇದ್ದರು,
ನಾಡಿದ್ದು ಬಾ ಎಂದೆ.
ಅವಳ ಆ ನಾಡಿದ್ದು ಇನ್ನೂ ಬಂದಿಲ್ಲ.

ಗುರುವಾರ ಪ್ಲಗ್ಗು ಕಿತ್ತೆ.
ಧೈರ್ಯ ಬಂತೆಂದಲ್ಲ,
ಆ ಕಂಬಳಿಯ ಕೆಳಗೆ ನಿಂತು
ಇನ್ನೊಂದು ಬಟ್ಟೆಯನ್ನು ನೋಡಲಾರದೆ.
ಪ್ಲಾಸ್ಟಿಕ್ಕು ಸುತ್ತಿ, ಎರಡು ಬೆರಳಲ್ಲಿ ಎತ್ತಿ ಹಿಡಿದು,
ಕನ್ನಡದಲ್ಲಿ ಚಂದವಾಗಿ ಮಾತು ಜೋಡಿಸಿ
ಹಿಂದಿಗೆ ತಿರುಗಿಸುತ್ತ ನಡೆದೆ.
ಕಡಲ ಗಾಳಿ ಒದ್ದೆ ಟವೆಲಿನಂತೆ ಮುಖಕ್ಕೆ ಬಡಿಯಿತು.
ಬಕಾಲದ ಮೂಲೆ ದಾಟುವಾಗ ಅರ್ಧ ಮರೆತಿತ್ತು.

ಮೂರನೆಯ ಮಹಡಿ, ಎಂದ ಹಾರಿಸ್, ಕಣ್ಣೆತ್ತದೆ.
ತಟ್ಟಿದೆ. ಕಾದೆ.
ಸದ್ಯ, ಯಾರೂ ಇಲ್ಲ ಎಂದುಕೊಂಡೆ.
ಆ ಒಂದು ಗಳಿಗೆಯ ಸಂತೋಷವನ್ನು
ಇವತ್ತಿಗೂ ನನಗೆ ಕ್ಷಮಿಸಲಾಗಿಲ್ಲ.

ಬಾಗಿಲು ತೆರೆಯಿತು.
ಸಿಲ್ಹೆಟಿನ ಮೊಫಿಜುಲ್ ಭಾಯಿ,
ಯಾವುದೋ ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದವರು.
"ಇನ್ನೂರೈವತ್ತು ಫಿಲ್ಸ್ ಇರಲಿಲ್ಲ" ಎಂದರು,
ನನಗಲ್ಲ, ಅಂಗಿಗೆ ಹೇಳುವ ಹಾಗೆ.
ಜೋಡಿಸಿದ ಮಾತೆಲ್ಲ ಮೆಟ್ಟಿಲಲ್ಲೇ ಉಳಿದಿತ್ತು,
ಸುಮ್ಮನೆ ಕೂತೆ.
ಹಾಲಿಲ್ಲದ ಚಹಾ ಬಂತು, ಇದ್ದ ಒಂದು ಗ್ಲಾಸಿನಲ್ಲಿ ನನಗೆ,
ಅನ್ನದ ಬಟ್ಟಲಲ್ಲಿ ಅವರಿಗೆ.

ಯಾರು ಕಳಿಸಿದ್ದು ನಿನ್ನನ್ನು?
ಯೇಸುವಿನ ಹೆಸರು ನಾಲಿಗೆಯ ತುದಿಗೆ ಬಂದು
ಬಿಸಿಗೆ ಅಂಜಿದ ಹಾಗೆ ಒಳಗೆ ಸರಿಯಿತು.
"ಅಂಗಿ" ಎಂದೆ.
ನಕ್ಕರು. ಆಮೇಲೆ ಆ ನಗು ಬೇರೆ ಏನೋ ಆಯಿತು,
ನಾನು ಕಿಟಕಿ ನೋಡಿದೆ.

ಶುಕ್ರವಾರ ಹಿಲ್ಡಕ್ಕ, ಸಾಕ್ಷಿ ಹೇಳುವವರು ಯಾರು ಎಂದಾಗ
ಹೇಳಲು ಅದ್ಭುತವೇನೂ ಇರಲಿಲ್ಲ, ಕೂತೇ ಇದ್ದೆ.
ಇಷ್ಟು ಮಾತ್ರ:
ಮೆಟ್ಟಿಲಿಳಿಯುವಾಗ ಎರಡನೆಯ ಮಹಡಿಯಲ್ಲಿ
ಮತ್ತೆ ಅದೇ ದನಿ, ಕೋಳಿ ಓಡಿಸುವ ಭಾಷೆ.
ಈ ಸಲ ವಾದಿಸಲಿಲ್ಲ.
ತಿರುಗಿ ಹತ್ತಿದೆ. ಬಾಗಿಲು ಇನ್ನೂ ಹಾಕಿರಲಿಲ್ಲ.

ಊಟ ಆಯಿತಾ, ಭಾಯಿ?